ಅಡಿಕೆ ಚೊಗರಿನ ಬಣ್ಣ ಒಗೆದಷ್ಟೂ ಮಾಸುತ್ತದೆಯೇ?

ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿದ ಮೇಲೆ ಉಳಿಯುವ ರಸದಲ್ಲಿ, ಬಣ್ಣ ಹಾಕಿದ ಹತ್ತಿ ಸೀರೆಯ ಬಣ್ಣ ಎರಡೇ ಒಗೆತಕ್ಕೆ ತೆಳುವಾಯಿತು, ಮನೆಯಲ್ಲೇ ಬಣ್ಣ ಹಾಕಿಕೊಂಡರೆ ಉಳಿಯುವಂತೆ ಮಾಡಬಹುದೇ ಎಂದು ಕೇಳಿದ್ದೀರಿ. ಖಂಡಿತ ಮಾಡಬಹುದು. ನಮ್ಮದು ಕೊಪ್ಪ ತಾಲ್ಲೂಕಿನ ಅಡಿಕೆ ತೋಟದ ಮನೆ. ಸಾಗರದ ಬಳಿಯ ಭೀಮನಕೋಣೆಯಲ್ಲಿರುವ ಚರಕ ಸಂಘದ ಕೈಮಗ್ಗದ ಬಟ್ಟೆಗಳಲ್ಲಿ ಈ ಬಣ್ಣವನ್ನು ಕಂಡ ಮೇಲೆ, ಎಂಟು ವರ್ಷಗಳಿಂದ ಪ್ರತಿ ಕೊಯ್ಲಿನಲ್ಲೂ ನಾನು ನಮ್ಮದೇ ಚೊಗರಿನಲ್ಲಿ ಬಟ್ಟೆ ಅದ್ದುತ್ತಿದ್ದೇನೆ. ಸರಿಯಾಗಿ ಹಿಡಿದ ಚೊಗರು ಎರಡು ಒಗೆತಕ್ಕೆ ಬಿಡುವ ಬಣ್ಣವಲ್ಲ.

ಸುಲಿದ ಹಸಿ ಅಡಿಕೆಯನ್ನು ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕಂದುಗೆಂಪು ರಸದಲ್ಲಿ ಮುಖ್ಯವಾಗಿ ಇರುವುದು ಟ್ಯಾನಿನ್, ಅಂದರೆ ನಾಲಿಗೆಗೆ ಒಗರು ಕೊಡುವ ಅಂಶ. ಅದಕ್ಕೆ ಹತ್ತಿಯ ನೂಲನ್ನು ತಾನಾಗಿಯೇ ಹಿಡಿದುಕೊಳ್ಳುವ ಗುಣವಿದೆ. ಗಾಳಿಯಲ್ಲಿ ಆರುವಾಗ ಆಮ್ಲಜನಕದೊಡನೆ ಸೇರಿ, ನೀರಿನಲ್ಲಿ ಸುಲಭವಾಗಿ ಕರಗದ ರೂಪಕ್ಕೆ ತಿರುಗುತ್ತದೆ. ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಹೆಂಗಸರ ಬೆರಳುಗಳನ್ನು ನೋಡಿದರೆ ಇದು ತಿಳಿಯುತ್ತದೆ. ಮೊದಲ ದಿನ ಕಂದಾಗಿದ್ದ ಹೆಬ್ಬೆರಳು ವಾರದೊಳಗೆ ಕಪ್ಪಾಗುತ್ತದೆ, ಎಷ್ಟು ಸೋಪು ಹಚ್ಚಿದರೂ ಹೋಗುವುದಿಲ್ಲ. ಆ ಕಪ್ಪು, ಕತ್ತಿಯ ಕಬ್ಬಿಣವು ಟ್ಯಾನಿನ್ ಜೊತೆ ಸೇರಿ ಹುಟ್ಟಿದ ಬಣ್ಣ.

ನಿಮ್ಮ ಸೀರೆಯ ವಿಷಯದಲ್ಲಿ ನನಗೆ ಮೊದಲ ಅನುಮಾನ ಗಂಜಿಯ ಮೇಲೆ. ಹೊಸ ಬಟ್ಟೆಯ ನೂಲಿಗೆ ನೇಯುವ ಮೊದಲೇ ಗಂಜಿ ಹಾಕಿರುತ್ತಾರೆ. ಅದನ್ನು ತೆಗೆಯದೆ ಅದ್ದಿದರೆ ಬಣ್ಣ ಗಂಜಿಗೆ ಅಂಟುತ್ತದೆ, ಮೊದಲ ಒಗೆತದಲ್ಲಿ ಗಂಜಿಯೊಡನೆ ಅದೂ ಹೊರಡುತ್ತದೆ. ಆದ್ದರಿಂದ ಬಟ್ಟೆಯನ್ನು ಒಗೆಯುವ ಸೋಡಾ ಹಾಕಿದ ನೀರಿನಲ್ಲಿ ಒಂದು ಗಂಟೆ ಕುದಿಸಿ, ಚೆನ್ನಾಗಿ ಜಾಲಾಡಿ. ಒಣಗಿದ ಬಟ್ಟೆಯ ಮೇಲೆ ಹನಿ ನೀರು ಬಿಟ್ಟರೆ ಅದು ನಿಲ್ಲದೆ ತಕ್ಷಣ ಇಂಗಬೇಕು. ಇಂಗದಿದ್ದರೆ ಇನ್ನೊಮ್ಮೆ ಕುದಿಸಿ. ಈ ಕೆಲಸಕ್ಕೆ ಬೇಸರಪಡಬೇಡಿ, ಬಣ್ಣದ ಆಯುಷ್ಯ ಬಹುಪಾಲು ಇಲ್ಲೇ ನಿರ್ಧಾರವಾಗುತ್ತದೆ.

ಎರಡನೆಯ ತಪ್ಪು, ಗಾಢ ಬಣ್ಣ ಬೇಕೆಂದು ಮಂದವಾದ ಚೊಗರಿನಲ್ಲಿ ಒಂದೇ ಸಲ ಅದ್ದಿ ಮುಗಿಸುವುದು. ನಾನು ಚೊಗರನ್ನು ತೆಳು ಮಾಡಿ, ಬಿಸಿಯಾಗಿರುವಾಗ ಅರ್ಧ ಗಂಟೆ ಬಟ್ಟೆಯನ್ನು ಮಗುಚುತ್ತಾ ಅದ್ದಿ, ಹಿಂಡಿ, ನೆರಳಿನಲ್ಲಿ ಪೂರ್ತಿ ಒಣಗಿಸಿ, ಮರುದಿನ ಮತ್ತೆ ಅದ್ದುತ್ತೇನೆ. ಹೀಗೆ ನಾಲ್ಕೈದು ಸಲ. ಮೊದಲ ದಿನ ಹಾಲು ಹಾಕಿದ ಚಹಾದಂತಿದ್ದ ಬಟ್ಟೆ ಐದನೆಯ ದಿನಕ್ಕೆ ಹಳೆಯ ಹೆಂಚಿನ ಬಣ್ಣಕ್ಕೆ ಬರುತ್ತದೆ. ಕೊನೆಗೆ ಕಿಲೋ ಬಟ್ಟೆಗೆ 100ರಿಂದ 150 ಗ್ರಾಂ ಪಟಿಕ ಕರಗಿಸಿದ ಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಹಿಡಿತ ಇನ್ನೂ ಬಿಗಿಯಾಗುತ್ತದೆ.

ಒಗೆಯುವಾಗ ಬಣ್ಣ ಮಾಸುವುದಕ್ಕಿಂತ ಬದಲಾಗುವುದೇ ಹೆಚ್ಚು. ಒಂದೇ ಬಟ್ಟೆಯಿಂದ ಮೂರು ಪಟ್ಟಿ ಕತ್ತರಿಸಿ ಹತ್ತು ಹತ್ತು ಸಲ ಒಗೆದು ನೋಡಿದ್ದೇನೆ. ಅಂಟುವಾಳದಲ್ಲಿ ಒಗೆದದ್ದು ಬೀರುವಿನಲ್ಲಿಟ್ಟ ತುಂಡಿಗಿಂತ ತುಸುವೇ ತಿಳಿಯಾಗಿತ್ತು. ಬಟ್ಟೆ ಪುಡಿಯಲ್ಲಿ ಒಗೆದದ್ದು ಇನ್ನಷ್ಟು ಕೆಂಪಗೆ ತಿರುಗಿತ್ತು, ಏಕೆಂದರೆ ಪುಡಿಯಲ್ಲಿರುವ ಕ್ಷಾರ ಎಲೆಯಡಿಕೆಯಲ್ಲಿ ಸುಣ್ಣ ಮಾಡುವ ಕೆಲಸವನ್ನೇ ಇಲ್ಲಿಯೂ ಮಾಡುತ್ತದೆ. ಮೂರನೆಯದನ್ನು ತುಕ್ಕಿನ ವಾಸನೆಯ ಬೋರ್‌ವೆಲ್ ನೀರಿನಲ್ಲಿ ಒಗೆದಿದ್ದೆ. ಅದು ಒಗೆತದಿಂದ ಒಗೆತಕ್ಕೆ ಬೂದಿಗಪ್ಪಾಗುತ್ತಾ ಹೋಯಿತು. ನೀರಿನಲ್ಲಿ ಕಬ್ಬಿಣವಿದ್ದರೆ ಬಾವಿ ನೀರು ಅಥವಾ ಹಿಡಿದಿಟ್ಟ ಮಳೆ ನೀರಿನಲ್ಲಿ ಒಗೆಯಿರಿ. ಹಾಗೆ ಕಪ್ಪಾದ ಕಡೆ ನಿಂಬೆರಸವನ್ನಂತೂ ಹಚ್ಚಬೇಡಿ. ಅದು ಕಬ್ಬಿಣವನ್ನು ಕರಗಿಸಿ ಅಲ್ಲಲ್ಲಿ ಬಿಳಿಚಿದ ಮಚ್ಚೆ ಮಾಡುತ್ತದೆ.

ನಿಮ್ಮ ಸೀರೆಯನ್ನು ಎಸೆಯಬೇಡಿ. ಗಂಜಿ ಈಗಾಗಲೇ ಹೋಗಿರುವುದರಿಂದ ಅದು ಮೊದಲಿಗಿಂತ ಚೆನ್ನಾಗಿ ಬಣ್ಣ ಹಿಡಿಯುತ್ತದೆ. ಸೆರಗಿನ ತುದಿಯ ಒಳಭಾಗವನ್ನು ಮೊದಲು ಅದ್ದಿ ನೋಡಿ, ಒಪ್ಪಿಗೆಯಾದರೆ ಇಡೀ ಸೀರೆಯನ್ನು ಮೂರು ದಿನ, ದಿನಕ್ಕೊಮ್ಮೆ ಅದ್ದಿ ಒಣಗಿಸಿ.