ಎಂಜಿಎ ಎಂಜಿನ್‌ಗೆ ಮೂರು ಕಾರಿನ ಸಾಮಾನು ಸೇರಿಕೊಂಡಿದೆ, ಜೋಡಿಸಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದ ಹಾಗೆ ಇಷ್ಟು: ರಾಯಚೂರಿನಲ್ಲಿ ನಿಮ್ಮ ಅಜ್ಜನ 1957ರ ಎಂಜಿಎ 1500 ಸ್ಪೋರ್ಟ್ಸ್ ಕಾರು ನಿಂತಿದೆ. ಒಳಗಿರುವ ಬ್ಲಾಕ್ (ಸಿಲಿಂಡರುಗಳಿರುವ ಎಂಜಿನ್ನಿನ ಒಡಲು) ಅಂಬಾಸಿಡರ್‌ದು ಅಂತ ಮನೆಯಲ್ಲಿ ಹೇಳುತ್ತಾರೆ. ಬ್ಲಾಕಿನ ಮೇಲೆ ಕೂರುವ ಹೆಡ್ ಎಂಜಿಬಿಯದು, ಅಂದರೆ ಎಂಜಿಎ ನಂತರ ಬಂದ ಕಾರಿನದು. ಕ್ರ್ಯಾಂಕ್ (ಪಿಸ್ಟನ್ನಿನ ಓಡಾಟವನ್ನು ತಿರುಗಾಟ ಮಾಡುವ ದಂಡ) ಎರಡಿವೆ, ಯಾವುದು ಯಾವ ಕಾರಿನದು ಗೊತ್ತಿಲ್ಲ. ಗೋಣಿಚೀಲದಲ್ಲಿ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಆರು. ಇವನ್ನೆಲ್ಲ ಸೇರಿಸಿ ಒಂದು ಎಂಜಿನ್ ಮಾಡಬಹುದಾ, ಇಲ್ಲ ಗುಜರಿಗೆ ಹಾಕಬೇಕಾ?

ಗುಜರಿಗೆ ಹಾಕಬೇಡಿ. ಆ ಗೋಣಿಚೀಲ ಮನೆ ಬಿಟ್ಟು ಹೊರಗೆ ಹೋಗದ ಹಾಗೆ ನೋಡಿಕೊಳ್ಳಿ, ಮುಖ್ಯವಾಗಿ ದೀಪಾವಳಿಗೆ ಮನೆ ಸ್ವಚ್ಛ ಮಾಡುವವರ ಕೈಗೆ ಸಿಗದಂತೆ. ನಾನು ಬಳ್ಳಾರಿಯಲ್ಲಿ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಮಾಡುವವನು. ಹೊಟ್ಟೆಪಾಡಿಗೆ ಅದಿರಿನ ಲಾರಿ, ಟ್ರ್ಯಾಕ್ಟರ್. ಹುಚ್ಚಿಗೆ ಹಳೇ ಕಾರು.

ಅಂಬಾಸಿಡರ್ ಬ್ಲಾಕ್ ಅಂದರೆ ಗಾಬರಿಯಾಗುವಂಥದ್ದೇನಿಲ್ಲ. ಇದು ಕಲಬೆರಕೆ ಅಲ್ಲ, ಒಳಗಿನ ಸಂಬಂಧ. ಎಂಜಿಎ 1500ರಲ್ಲಿ ಇದ್ದದ್ದು ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಬಿ ಸೀರೀಸ್ ಎಂಜಿನ್, 1489 ಸಿಸಿ. ನಮ್ಮ ಅಂಬಾಸಿಡರ್‌ಗೆ ದಶಕಗಟ್ಟಲೆ ಬಂದದ್ದೂ ಅದೇ ಮನೆತನದ 1489 ಸಿಸಿ ಎಂಜಿನ್. ಇಂಗ್ಲೆಂಡಿನಿಂದ ಬಿಡಿಭಾಗ ತರಿಸುವುದು ಕನಸಿನ ಮಾತಾಗಿದ್ದ ಕಾಲದಲ್ಲಿ ನಿಮ್ಮ ಅಜ್ಜನವರ ಮೇಸ್ತ್ರಿ ಸಿಕ್ಕಿದ್ದನ್ನು ಕೂರಿಸಿ ಗಾಡಿ ಓಡಿಸಿದ್ದಾನೆ. ಅವನನ್ನು ಬೈಯಬೇಡಿ.

ತೊಂದರೆ ಇರುವುದೂ ಈ ಸಂಬಂಧದಲ್ಲೇ. ಎಂಜಿಎ 1500, ಆಮೇಲಿನ 1600, ಅದರ ನಂತರದ 1622 ಸಿಸಿ, ಕೊನೆಗೆ 1798 ಸಿಸಿಯ ಎಂಜಿಬಿ, ಎಲ್ಲದರ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) ಒಂದೇ, 88.9 ಮಿ.ಮೀ. ಹಾಗಾಗಿ ಒಂದರ ಸಾಮಾನು ಇನ್ನೊಂದರ ಪಕ್ಕ ಇಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತವೆ, ಕೂರಿಸಲು ಹೋದರೆ ಕೂರುವುದಿಲ್ಲ. ನನಗೆ ಲೇತ್ ಕಲಿಸಿದ ತಾತ ಹೇಳ್ತಿದ್ದ: "ಲೇ ತಮ್ಮಾ, ಹೆಸರು ನೋಡಿ ಜೋಡಸಬ್ಯಾಡ, ಅಳತಿ ನೋಡಿ ಜೋಡಸು."

ಮೊದಲು ಬೋರ್, ಅಂದರೆ ಸಿಲಿಂಡರಿನ ಒಳಗಿನ ಅಗಲ ಅಳೆಸಿ. 73 ಮಿ.ಮೀ. ಆಸುಪಾಸು ಬಂದರೆ 1500 ಬ್ಲಾಕ್; ಸವೆದದ್ದಕ್ಕೆ 40 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು) ಓವರ್‌ಸೈಜ್ ಕೊರೆಸಿದ್ದರೂ 74 ದಾಟಿ ಹೆಚ್ಚು ಹೋಗುವುದಿಲ್ಲ. 75.4 ಬಂದರೆ 1600, 76.2 ಬಂದರೆ 1622, 80ರ ಮೇಲೆ ಬಂದರೆ ಎಂಜಿಬಿ. ಎಂಜಿನ್ ನಂಬರಿನ ತಗಡು ನೋಡಿ ನಂಬಿಬಿಡಬೇಡಿ. 15ಜಿಬಿ, 15ಜಿಡಿ ಅಂತಿದ್ದರೆ ಎಂಜಿಎ 1500ದು ಹೌದು, ಆದರೆ ಅದು ರಿವೆಟ್ ಹೊಡೆದ ತಗಡು. ಒಂದು ಬ್ಲಾಕಿಂದ ಕಿತ್ತು ಇನ್ನೊಂದಕ್ಕೆ ಹೊಡೆಯಲು ಐದು ನಿಮಿಷ ಸಾಕು.

ಆಮೇಲೆ ಆ ಎರಡು ಕ್ರ್ಯಾಂಕ್. ಮೈಕ್ರೊಮೀಟರಿನಲ್ಲಿ ಮೇನ್ ಜರ್ನಲ್ (ಕ್ರ್ಯಾಂಕ್ ಬ್ಲಾಕಿನ ಬೇರಿಂಗಿನಲ್ಲಿ ಕೂರುವ ಜಾಗ) ಅಳೆಸಿ. 1500ದು 2 ಇಂಚು, ಎಂಜಿಬಿಯದು ಎರಡೂಕಾಲಲ್ಲ, 2.125 ಇಂಚು. ಈ ಒಂದು ಎಂಟಾಂಶ ಇಂಚೇ ಎಲ್ಲವನ್ನೂ ತೀರ್ಮಾನ ಮಾಡುತ್ತದೆ: ದಪ್ಪದ ಕ್ರ್ಯಾಂಕ್ ನಿಮ್ಮ ಬ್ಲಾಕಿಗೆ ಬರುವುದಿಲ್ಲ, ಪಕ್ಕಕ್ಕಿಡಿ. 2 ಇಂಚಿನದು ಸವೆದಿದ್ದರೆ 10, 20, 30 ಥೌ ಕಡಿಮೆಗೆ ಗ್ರೈಂಡ್ ಮಾಡಿಸಿ ಅದೇ ಸೈಜಿನ ಬೇರಿಂಗ್ ಹಾಕಬಹುದು. ಆದರೆ ಬೇರಿಂಗ್ ಕೈಗೆ ಬಂದ ಮೇಲೆ ಗ್ರೈಂಡಿಂಗ್ ಮಾಡಿಸಿ. ಮೊದಲೇ ಗ್ರೈಂಡ್ ಮಾಡಿಸಿಟ್ಟು, ಆ ಸೈಜ್ ಸಿಗದೆ ವರ್ಷಗಟ್ಟಲೆ ಕ್ರ್ಯಾಂಕನ್ನು ಗ್ರೀಸ್ ಹಚ್ಚಿ ಮಲಗಿಸಿದವರನ್ನು ಕಂಡಿದ್ದೇನೆ.

ಮೇನ್ ಬೇರಿಂಗ್ ಕ್ಯಾಪ್ ವಿಷಯದಲ್ಲಿ ನನ್ನ ಕಥೆ ಹೇಳಬೇಕು. ಈ ಬ್ಲಾಕಿಗೆ ಮೂರು ಮೇನ್ ಕ್ಯಾಪ್. ಕ್ಯಾಪ್ ಬಿಗಿದುಕೊಂಡೇ ಬ್ಲಾಕಿನ ಜೊತೆ ಒಂದೇ ಸಾಲಿನಲ್ಲಿ ಬೋರ್ ಮಾಡಿರುತ್ತಾರೆ, ಅಂದರೆ ಆ ಬ್ಲಾಕಿಗೆ ಆ ಕ್ಯಾಪ್, ಆ ಜಾಗದಲ್ಲಿ, ಆ ದಿಕ್ಕಿನಲ್ಲಿ ಮಾತ್ರ. ಕೆಲಸಕ್ಕೆ ಹೊಸಬನಾಗಿದ್ದಾಗ ಎರಡು ಅಂಬಾಸಿಡರ್ ಎಂಜಿನ್ನಿನ ಕ್ಯಾಪ್‌ಗಳನ್ನು ಒಂದೇ ಬಕೆಟ್ ಸೀಮೆಎಣ್ಣೆಯಲ್ಲಿ ತೊಳೆದೆ. ಕೂರಿಸಿದ ಮೇಲೆ ಕ್ರ್ಯಾಂಕ್ ಬಿಗಿಯಾಗಿ ತಿರುಗಿತು. "ಹೊಸ ಬೇರಿಂಗ್, ಓಡ್ತಾ ಓಡ್ತಾ ಸಡಿಲ ಆಗುತ್ತೆ" ಅಂತ ನಾನೇ ಸಮಾಧಾನ ಹೇಳಿಕೊಂಡೆ. ಹೊಸಪೇಟೆ ರಸ್ತೆಯಲ್ಲಿ ಕುಡಿತಿನಿ ಬರುವಷ್ಟರಲ್ಲಿ ಆಯಿಲ್ ಪ್ರೆಶರ್ ಇಳಿಯಿತು, ನಡುವಿನ ಬೇರಿಂಗ್ ಕರಗಿತ್ತು. ಅದಿರಿನ ಲಾರಿಯೊಂದಕ್ಕೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದೆವು. ನಿಮ್ಮ ಬ್ಲಾಕಿನ ಕ್ಯಾಪ್ ಕಳೆದಿದ್ದರೆ ಬೇರೆಯದನ್ನು ಹಾಗೇ ಹಾಕಬೇಡಿ, ಲೈನ್ ಬೋರಿಂಗ್ ಮಾಡಿಸಲೇಬೇಕು.

ಆರು ರಾಡ್ ಇವೆ, ನಾಲ್ಕು ಸಾಕು ಅಂದುಕೊಂಡಿರಬೇಕು. ಈ ರಾಡ್‌ಗಳ ದೊಡ್ಡ ತುದಿ ಓರೆಯಾಗಿ ಸೀಳಿರುತ್ತದೆ, ಜೊತೆಗೆ ನಡುವಿಗಿಂತ ಒಂದು ಪಕ್ಕಕ್ಕೆ ಸರಿದಿರುತ್ತದೆ. 1 ಮತ್ತು 3ನೇ ಸಿಲಿಂಡರಿಗೆ ಒಂದು ಜಾತಿ, 2 ಮತ್ತು 4ಕ್ಕೆ ಇನ್ನೊಂದು. ಆರರಲ್ಲಿ ಎರಡೆರಡು ಸಿಕ್ಕರೆ ಅದೃಷ್ಟ. ಪ್ರತಿ ರಾಡಿಗೂ ಅದರದ್ದೇ ಕ್ಯಾಪ್ ಇರಲಿ. ಆಮೇಲೆ ತೂಕ: ಬೇರೆ ಬೇರೆ ಎಂಜಿನ್ನಿಂದ ಬಂದವು ಒಂದೇ ತೂಕ ಇರುವುದಿಲ್ಲ. ಅತಿ ಹಗುರದ್ದನ್ನು ಹಿಡಿದು ಉಳಿದವನ್ನು ಅದರ ಮಟ್ಟಕ್ಕೆ ಉಜ್ಜಿಸಬೇಕು, ಎರಡು ಗ್ರಾಂ ವ್ಯತ್ಯಾಸದೊಳಗೆ ಬಂದರೆ ಚೆನ್ನ. ನಾನು ಪರಿಚಯದ ಬಂಗಾರದಂಗಡಿಯ ತಕ್ಕಡಿಯಲ್ಲಿ ತೂಗುತ್ತೇನೆ. ಅವರು ಒಳ್ಳೆಯವರು, ಒರೆಸಿ ತನ್ನಿ ಅಂತಾರೆ ಅಷ್ಟೇ.

ಎಂಜಿಬಿ ಹೆಡ್ ನಿಮ್ಮ 1500ಕ್ಕೆ ಬೋಲ್ಟ್ ಆಗುತ್ತದೆ, ಆದರೆ ಎರಡು ವಿಷಯ ನೋಡಬೇಕು. ಅದರ ಚೇಂಬರ್ (ಪೆಟ್ರೋಲ್ ಉರಿಯುವ ಗುಳಿ) ದೊಡ್ಡದು, ಸುಮಾರು 43 ಸಿಸಿ. 1500 ಹೆಡ್ಡಿನದು 39ರ ಹತ್ತಿರ. ಲೆಕ್ಕ ಹಾಕಿ: ಒಂದು ಸಿಲಿಂಡರ್ 372 ಸಿಸಿ, ಎಂಜಿಎಯ ಕಂಪ್ರೆಷನ್ (ಸಿಲಿಂಡರಿನ ಗಾಳಿ ಎಷ್ಟು ಪಟ್ಟು ಅದುಮುತ್ತದೆ ಅನ್ನುವ ಲೆಕ್ಕ) 8.3 ಅಂದರೆ ಮೇಲೆ ಉಳಿಯುವ ಜಾಗ 51 ಸಿಸಿ. ಅದು 55 ಆದರೆ ಕಂಪ್ರೆಷನ್ 7.8ಕ್ಕೆ ಇಳಿಯುತ್ತದೆ. ಅಂಬಾಸಿಡರ್ ಪಿಸ್ಟನ್ ಇದ್ದರೆ ಇನ್ನೂ ಕೆಳಗೆ, ಏಕೆಂದರೆ ಆ ಎಂಜಿನ್ ಮೊದಲೇ ಕಡಿಮೆ ಕಂಪ್ರೆಷನ್ನಿನದು. ಸ್ಪೋರ್ಟ್ಸ್ ಕಾರು ಟ್ಯಾಕ್ಸಿಯಂತೆ ಓಡುತ್ತದೆ. ಹೆಡ್ಡಿನ ತಳ ತುಸು ಕೆತ್ತಿಸಿ (ಫೇಸ್ ಕಟ್) ಸರಿಪಡಿಸಬಹುದು, ಆದರೆ ಎಷ್ಟು ಅಂತ ಅಂದಾಜಿನಲ್ಲಿ ಬೇಡ. ಹೆಡ್ ತಲೆಕೆಳಗಾಗಿ ಇಟ್ಟು, ಪ್ಲಗ್ ಬಿಗಿದು, ಮೇಲೊಂದು ತೂತಿನ ಅಕ್ರಿಲಿಕ್ ಹಲಗೆಯನ್ನು ಗ್ರೀಸಿನಲ್ಲಿ ಅಂಟಿಸಿ, ಮೆಡಿಕಲ್ ಅಂಗಡಿಯ 50 ಎಂಎಲ್ ಸಿರಿಂಜಿನಲ್ಲಿ ಸೀಮೆಎಣ್ಣೆ ತುಂಬಿ ಅಳೆಯಿರಿ. ನಾಲ್ಕೂ ಚೇಂಬರ್ ಒಂದೇ ಅಳತೆ ಬರಬೇಕು.

ಎರಡನೆಯದು, ದೊಡ್ಡ ವಾಲ್ವು ಸಣ್ಣ ಬೋರಿನ ಅಂಚಿಗೆ ತಾಗಬಹುದು. ಬ್ಲಾಕಿನ ಅಂಚಿಗೆ, ಪಿಸ್ಟನ್ ಮೇಲೆ ಮಕ್ಕಳ ಆಟದ ಜೇಡಿ ಮೆತ್ತಿ, ಹೆಡ್ ಬಿಗಿದು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಬಿಚ್ಚಿ ನೋಡಿ. ನನ್ನನ್ನು ಕೇಳಿದರೆ 1500 ಹೆಡ್ಡೇ ಹುಡುಕಿ. ಬಳ್ಳಾರಿ, ರಾಯಚೂರಿನ ಗುಜರಿಗಳಲ್ಲಿ ಅಂಬಾಸಿಡರ್ ಹೆಡ್ ಇನ್ನೂ ಕಣ್ಣಿಗೆ ಬೀಳುತ್ತದೆ.

ಬೋಲ್ಟುಗಳು ಹೆಚ್ಚಿನವು ಯುಎನ್‌ಎಫ್, ಅಂದರೆ ಇಂಚಿನ ಲೆಕ್ಕದ ಸಣ್ಣ ಎಳೆಯವು. ಐದು ಹದಿನಾರಂಶ ಇಂಚಿನ ತೂತಿಗೆ 8 ಮಿ.ಮೀ. ಬೋಲ್ಟ್ ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ಅಲ್ಲಿಗೇ ಸ್ಪ್ಯಾನರ್ ಕೆಳಗಿಡಿ. ವಾಲ್ವು ಎತ್ತುವ ಕ್ಯಾಮ್ ಹೊಸದಾದರೆ ಅದರ ಮೇಲೆ ಒರೆಸಿಕೊಂಡು ಓಡುವ ಟ್ಯಾಪೆಟ್‌ಗಳನ್ನು ಹಳೆಯವೇ ಹಾಕಬೇಡಿ. ಈಗಿನ ಎಥೆನಾಲ್ ಪೆಟ್ರೋಲಿಗೆ ಹಳೇ ರಬ್ಬರ್ ಪೈಪು ಉಳಿಯುವುದಿಲ್ಲ, ಅದನ್ನೂ ಬದಲಿಸಿ.

ಕಾಗದದ ವಿಷಯ. 2021ರಲ್ಲಿ ಬಂದ ಕೇಂದ್ರದ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ಶುಲ್ಕ 20,000 ರೂಪಾಯಿ. ಆದರೆ ಚಾಸಿ, ಬಾಡಿ, ಎಂಜಿನ್ ಹೆಚ್ಚು ಬದಲಾಗಿರಬಾರದು ಎನ್ನುತ್ತದೆ ನಿಯಮ. ಹಾಗಾಗಿ ಆರ್‌ಸಿಯಲ್ಲಿರುವ ಎಂಜಿನ್ ನಂಬರನ್ನು ಇವತ್ತೇ ಬ್ಲಾಕಿನ ಜೊತೆ ಹೋಲಿಸಿ. ಬೇರೆಯಾಗಿದ್ದರೆ ಆರ್‌ಟಿಒದಲ್ಲಿ ಕೇಳಿ, ನಂಬರ್ ಕೆತ್ತಿಸಿಕೊಡುತ್ತೇನೆ ಅನ್ನುವವರ ಹತ್ತಿರ ಹೋಗಬೇಡಿ. ಹಳೇ ಬ್ಲಾಕ್ ಎಲ್ಲಾದರೂ ಸಿಕ್ಕರೆ, ಸೀಳಿದ್ದರೂ ಇಟ್ಟುಕೊಳ್ಳಿ.

ಇಷ್ಟೆಲ್ಲ ಆಗಿ ಎಂಜಿನ್ ಸ್ಟಾರ್ಟ್ ಆದ ಮೇಲೆ ಹಿಂದಿನ ಮೇನ್ ಬೇರಿಂಗ್ ಕಡೆಯಿಂದ ಎಣ್ಣೆ ತೊಟ್ಟಿಕ್ಕುತ್ತದೆ. ಆಗ ನನಗೆ ಫೋನ್ ಹಚ್ಚಬೇಡಿ. ಅಲ್ಲಿ ರಬ್ಬರ್ ಸೀಲೇ ಇಲ್ಲ, ಎಣ್ಣೆಯನ್ನು ಒಳಗೆ ತಿರುಗಿಸಿ ಕಳಿಸುವ ಸುರುಳಿ ಗೀರು ಮಾತ್ರ. ಇಂಗ್ಲೆಂಡಿನಲ್ಲಿ ಹೊಸದಿದ್ದಾಗಲೂ ತೊಟ್ಟಿಕ್ಕುತ್ತಿತ್ತು. ಕೆಳಗೊಂದು ಹಳೇ ತಟ್ಟೆ ಇಡಿ.