ಟ್ರಂಕಿನ ಡಬ್ಬಿ, ರೂಮಿನ ಹೆಸರು

ಪ್ರಶ್ನೆ: ಅಕ್ಕಾ, ನಾನು ಎಂಟನೇ ತರಗತಿ. ಅಂಕೋಲಾ ಕಡೆಯ ಮೀನುಗಾರರ ಮನೆಯವಳು. ಈ ಜೂನ್‌ನಿಂದ ಶಿರಸಿಯಲ್ಲಿ ಹುಡುಗಿಯರ ಹಾಸ್ಟೆಲ್‌ನಲ್ಲಿದ್ದೇನೆ. ಅಮ್ಮ ಕೊಟ್ಟ ಒಣ ಶೆಟ್ಲಿ (ಸಿಗಡಿ) ಚಟ್ನಿ ಡಬ್ಬಿ ಟ್ರಂಕಿನಲ್ಲಿತ್ತು. ವಾಸನೆ ಅಂತ ರೂಮಿನವರು ಗಲಾಟೆ ಮಾಡಿದರು. ಈಗ ನನ್ನ ಹೆಸರೇ ‘ಒಣಮೀನು’. ಪಕ್ಕದ ಮಂಚದ ಗೆಳತಿ ಮಂಚ ಬದಲಾಯಿಸಿಕೊಂಡಳು. ವಾರ್ಡನ್ ಮೇಡಂ ‘ಇನ್ನು ತರಬೇಡ, ಮುಗೀತು’ ಅಂದರು. ಅಮ್ಮನಿಗೆ ‘ಮೆಸ್ ಊಟ ಚೆನ್ನಾಗಿದೆ, ಏನೂ ಕಳಿಸಬೇಡ’ ಅಂದುಬಿಟ್ಟೆ. ಚೌತಿಗೆ ಮನೆಗೆ ಹೋದರೆ ವಾಪಸ್ ಬರಬಾರದು ಅನ್ನಿಸುತ್ತದೆ. ಏನು ಮಾಡಲಿ?

ಉತ್ತರ: ತಂಗೀ, ಇಲ್ಲಿ ಎರಡು ವಿಷಯ ಗಂಟು ಬಿದ್ದಿವೆ. ಒಂದು ಡಬ್ಬಿ, ಇನ್ನೊಂದು ಆ ಹೆಸರು. ಮೇಡಂ ಎರಡನ್ನೂ ಒಂದೇ ಏಟಿಗೆ ಮುಗಿಸಲು ಹೋದರು. ಡಬ್ಬಿ ಹೋಯಿತು, ಹೆಸರು ಉಳಿಯಿತು.

ಒಣ ಶೆಟ್ಲಿಗೆ ವಾಸನೆ ಇದೆ, ಇಲ್ಲ ಅನ್ನಲಾಗದು. ಅದರಲ್ಲೂ ಶಿರಸಿಯ ಮಳೆ, ಕಿಟಕಿ ಮುಚ್ಚಿದ ರೂಮು, ಹಗ್ಗದ ಮೇಲೆ ಒಣಗದೇ ನೇತಾಡುವ ಯೂನಿಫಾರ್ಮು. ಅಲ್ಲಿ ಹಲಸಿನ ಹಣ್ಣು ಬಿಡಿಸಿದರೂ ರಾತ್ರಿಯಿಡೀ ಅದೇ ವಾಸನೆ. (ಅದಕ್ಕೆ ಯಾರೂ ಯಾರಿಗೂ ಹೆಸರಿಡುವುದಿಲ್ಲ, ಅಲ್ವಾ?) ಹುಟ್ಟಿದಾಗಿನಿಂದ ಮೀನು ತಿನ್ನದವರಿಗೆ ನಿಜವಾಗಿಯೂ ಹೊಟ್ಟೆ ತೊಳಸಿರಬಹುದು. ಹಾಗಾಗಿ ಮಲಗುವ ಕೋಣೆಯಲ್ಲಿ ಡಬ್ಬಿ ಬೇಡ ಅಂದರೆ ಒಪ್ಪಿಕೋ. ಆದರೆ ಮೇಡಂ ಹತ್ತಿರ ಒಂದು ಮಾತು ಕೇಳು: ‘ಮನೆ ತಿಂಡಿ ಯಾರೂ ತರಬಾರದಾ, ನಾನು ಮಾತ್ರ ತರಬಾರದಾ?’ ಅಪ್ಪೆಮಿಡಿ ಉಪ್ಪಿನಕಾಯಿಗೂ ತೊಡದೇವಿಗೂ ಜಾಗ ಇದೆ ಅಂದರೆ ನಿನ್ನ ಡಬ್ಬಿಗೂ ಊಟದ ಹಾಲ್‌ನಲ್ಲಿ ಒಂದು ಮೂಲೆ ಸಿಗಬೇಕು. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ, ಮೇಲೊಂದು ಪ್ಲಾಸ್ಟಿಕ್ ಚೀಲ. ಅಲ್ಲೇ ತಿಂದು, ಅಲ್ಲೇ ಕೈ ತೊಳೆದು ಬಾ. ಆಗುವುದೇ ಇಲ್ಲ ಅಂದರೆ ಅದಕ್ಕಾಗಿ ಜಗಳ ಬೇಡ, ಶೆಟ್ಲಿ ರಜೆಗಿರಲಿ.

ಹೆಸರನ್ನು ಮಾತ್ರ ಸಹಿಸಬೇಡ. ಸುಮ್ನೆ ತಮಾಷೆ ಅಂತಾರೆ. ಟ್ರಂಕು ಖಾಲಿಯಾದ ಮೇಲೂ ಕರೆಯುತ್ತಿದ್ದಾರೆ ಅಂದರೆ ಅವರಿಗೆ ವಾಸನೆಯ ತೊಂದರೆ ಎಲ್ಲಿಂದ ಬಂತು? ಆಡಿಕೊಳ್ಳುತ್ತಿರುವುದು ನಿನ್ನ ಮನೆಯ ಕಸುಬನ್ನು. ಹಾಗೆ ಕರೆದರೆ ಓಗೊಡಬೇಡ, ಜೊತೆಗೆ ಸೇರಿ ನಗಲೂಬೇಡ. ಯಾರು, ಯಾವತ್ತು, ಏನಂದರು ಅಂತ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಬರೆದಿಡು. ಮೇಡಂ ಒಬ್ಬರೇ ಇರುವಾಗ ಹೋಗಿ ಅದನ್ನೇ ಓದಿ ಹೇಳು. ಅವರು ಕೇಳದಿದ್ದರೆ ಕ್ಲಾಸ್ ಟೀಚರ್, ಆಮೇಲೆ ಮುಖ್ಯ ಶಿಕ್ಷಕರು. ಜಾತಿ ಎತ್ತಿ ಬೈದರೆ, ಕೈ ಮಾಡಿದರೆ ಕಾಯಬೇಡ. ಮಕ್ಕಳ ಸಹಾಯವಾಣಿ 1098, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಬೇಕಿಲ್ಲ.

ಗೆಳತಿಯ ಬಗ್ಗೆ ಈಗಲೇ ತೀರ್ಮಾನ ಬೇಡ. ನಿಮ್ಮ ವಯಸ್ಸಿನಲ್ಲಿ ಗುಂಪಿಗೆ ಹೆದರುವವರೇ ಜಾಸ್ತಿ. ಬಟ್ಟೆ ಒಗೆಯುವಲ್ಲಿ ಒಬ್ಬಳೇ ಸಿಕ್ಕಾಗ ‘ಯಾಕೆ ಹೋದೆ?’ ಅಂತ ನೇರ ಕೇಳು. ಉತ್ತರ ಬರದಿದ್ದರೆ ಬಿಡು, ಹಾಸ್ಟೆಲ್ ತುಂಬ ಹುಡುಗಿಯರಿದ್ದಾರೆ. ಶಿರಸಿಯಲ್ಲೂ ಮೀನು ಮಾರುಕಟ್ಟೆ ಇದೆ. ಮೀನು ಅಂದರೆ ಬಾಯಿ ಚಪ್ಪರಿಸುವವರು ನಿನ್ನ ರೂಮಿನಲ್ಲೇ ಬಾಯಿ ಮುಚ್ಚಿಕೊಂಡು ಕೂತಿದ್ದರೂ ಆಶ್ಚರ್ಯವಿಲ್ಲ.

ನನಗೆ ಜಾಸ್ತಿ ಕಾಡಿದ್ದು ಅಮ್ಮನಿಗೆ ನೀನು ಹೇಳಿದ ಮಾತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಂತ್ರದ ದೋಣಿ ಕಡಲಿಗಿಳಿಯುವ ಹಾಗಿಲ್ಲ. ಆ ದಿನಗಳಿಗೆಂದೇ ಬೇಸಿಗೆಯಲ್ಲಿ ಹರವಿ, ಕಾಗೆ ಓಡಿಸಿ ಒಣಗಿಸಿಡುವ ಶೆಟ್ಲಿ ಅದು, ನಿನಗೇ ಗೊತ್ತು. ಮನೆಯವರ ಪಾಲಿನಿಂದ ತೆಗೆದು ನಿನಗೆ ಕೊಟ್ಟಿದ್ದಾರೆ. ಮುಂದಿನ ಫೋನಿನಲ್ಲಿ ನಡೆದದ್ದು ನಡೆದ ಹಾಗೆ ಹೇಳು. ಚಿಂತೆ ಮಾಡುತ್ತಾರೆ, ಮಾಡಲಿ. ಚೌತಿಗೆ ಬಂದ ಮಗಳು ಇದ್ದಕ್ಕಿದ್ದಂತೆ ‘ವಾಪಸ್ ಹೋಗಲ್ಲ’ ಅಂತ ಮೂಲೆ ಹಿಡಿದರೆ ಇನ್ನೂ ಗಾಬರಿಯಾಗುತ್ತಾರೆ. ಹಬ್ಬ ಮುಗಿಸಿ ಘಟ್ಟ ಹತ್ತುವಾಗ ಅಪ್ಪನೋ ಅಮ್ಮನೋ ಜೊತೆಗೆ ಬರಲಿ, ಮೇಡಂ ಎದುರು ಕೂತು ಮಾತಾಡಲಿ.

ಶಾಲೆ ಬಿಡುವ ಮಾತು ಈಗ ಬೇಡ. ವರ್ಷದ ನಡುವೆ ಟಿ.ಸಿ. ತೆಗೆಸಿದರೆ ಪಾಠವೂ ಹಾಳು, ಓಡಾಟವೂ ಜಾಸ್ತಿ. ಮಾರ್ಚ್ ತನಕ ನೋಡು. ಆಗಲೂ ಮನಸ್ಸು ಒಗ್ಗದಿದ್ದರೆ ಒಂಬತ್ತಕ್ಕೇ ಊರಿನ ಹೈಸ್ಕೂಲು ಸೇರು, ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಬದಲಾಯಿಸುವುದು ಇನ್ನೂ ಕಷ್ಟ.