ಎಲ್ಲ ಲೋಹಕ್ಕೂ ಒಂದೇ ನಿಯಮ ಅಂದಿರಲ್ಲ!

ನಮಸ್ಕಾರ.

ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ಬೆಂಕಿಯಲ್ಲಿ ಮಾಗಿದ ಲೋಹ’ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಕುಲುಮೆಯ ವರ್ಣನೆ ಚೆನ್ನಾಗಿದೆ. ಹೊಗಳಿಕೆ ಇಷ್ಟು ಸಾಕು. ನಿಮ್ಮ ಎರಡನೇ ಪುಟ ನನ್ನ ನಿದ್ದೆ ಕೆಡಿಸಿದೆ.

ಅಲ್ಲಿ ಹೀಗಿದೆ: ‘ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಲೋಹ ಬಲಿಷ್ಠವಾಗುತ್ತದೆ. ಒಳಗೆ ಅಡಗಿದ್ದ ಶಕ್ತಿ ಎಚ್ಚರಗೊಳ್ಳುತ್ತದೆ. ಎಲ್ಲ ಲೋಹಗಳಿಗೂ ಇದೇ ನಿಯಮ.’

ಮೊದಲ ವಾಕ್ಯ. ಯಾವ ಲೋಹ ಸ್ವಾಮಿ? ಗೇಟು, ಗ್ರಿಲ್ ಮಾಡುವ ಮೈಲ್ಡ್ ಸ್ಟೀಲನ್ನು ಅದ್ದಿ ನೋಡಿ. ಹೇಳಿಕೊಳ್ಳುವಷ್ಟು ಗಡಸಾಗುವುದಿಲ್ಲ, ಅದರಲ್ಲಿ ಇಂಗಾಲ ತೀರಾ ಕಡಿಮೆ. ಉಳಿ ಮಾಡುವ ಉಕ್ಕಿನಲ್ಲಿ ಶೇ. 0.8ರ ಆಸುಪಾಸು ಇರುತ್ತದೆ. 727 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಇಂಗಾಲ ಕಬ್ಬಿಣದೊಳಗೆ ಕರಗುತ್ತದೆ. ನಿಧಾನಕ್ಕೆ ಆರಲು ಬಿಟ್ಟರೆ ಹೊರಬಂದು, ಕಬ್ಬಿಣದ್ದೊಂದು ಪದರ, ಕಾರ್ಬೈಡಿನದ್ದೊಂದು (ಕಬ್ಬಿಣ, ಇಂಗಾಲ ಕೂಡಿದ ಸಂಯುಕ್ತ) ಪದರ ಕೂತು ಪರ್ಲೈಟ್ ಆಗುತ್ತದೆ. ತಟ್ಟನೆ ನೀರಿಗೆ ಹಾಕಿದರೆ ಹೊರಬರಲು ಹೊತ್ತೇ ಸಿಗುವುದಿಲ್ಲ. ಇಂಗಾಲ ಒಳಗೇ ಸಿಕ್ಕಿಕೊಂಡು ಹರಳಿನ ರಚನೆಯನ್ನೇ ಸೊಟ್ಟ ಮಾಡುತ್ತದೆ. ಅದೇ ಮಾರ್ಟೆನ್ಸೈಟ್. ನಿಮ್ಮ ‘ಅಡಗಿದ್ದ ಶಕ್ತಿ’ಯ ಜಾಗದಲ್ಲಿ ಬರಬೇಕಾಗಿದ್ದದ್ದು ಇದು. ಗಡಸೇನೋ ಹೌದು, ಜೊತೆಗೆ ಪೆಡಸು. ಜೋರು ಏಟು ಬಿದ್ದರೆ ಚೂರಾಗುತ್ತದೆ. ಮತ್ತೆ 200ರಿಂದ 300 ಡಿಗ್ರಿವರೆಗೆ ಕಾಯಿಸಿ ಟೆಂಪರ್ ಮಾಡಿದ ಮೇಲೇ ಅದು ಉಳಿ. ಟೆಂಪರಿಂಗ್ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ.

ಪತ್ರಿಕೆಗೆ ಬರುವ ಮುಂಚೆ ನಾನು ಪೀಣ್ಯದ ಒಂದು ಹೀಟ್ ಟ್ರೀಟ್‌ಮೆಂಟ್ ಶೆಡ್ಡಿನಲ್ಲಿ ಅಪ್ರೆಂಟಿಸ್ ಆಗಿದ್ದೆ. ಅಲ್ಲಿನ ಮೇಸ್ತ್ರಿ ಬಾಯಲ್ಲಿ ಬರುತ್ತಿದ್ದದ್ದು ಮೂರೇ ಪ್ರಶ್ನೆ: ‘ಎಷ್ಟು ಡಿಗ್ರಿ? ಎಷ್ಟು ಹೊತ್ತು? ನೀರಾ, ಎಣ್ಣೆನಾ?’ ಉಜ್ಜಿ ಹೊಳಪು ಬರಿಸಿದ ಉಕ್ಕು ಟೆಂಪರ್ ಆಗುವಾಗ ಮೇಲೆ ಬಣ್ಣ ಏರುತ್ತದೆ. 220, 230ಕ್ಕೆ ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ. ಉಳಿ ನೇರಳೆಗೆ ತಿರುಗಿದ ಕ್ಷಣ ‘ತೆಗಿಯೋ!’ ಅಂತ ಕೂಗುತ್ತಿದ್ದರು. ಆ ಮನುಷ್ಯ ಪೆನ್ನು ಹಿಡಿದಿದ್ದರೆ ನಮ್ಮಲ್ಲಿ ಎಷ್ಟೋ ಜನರ ವಿಶೇಷಣಗಳು ಉಳಿಯುತ್ತಿರಲಿಲ್ಲ.

ಇನ್ನು ಆ ‘ಎಲ್ಲ ಲೋಹಗಳಿಗೂ’. ಇದಕ್ಕೇ ನನಗೆ ಜಾಸ್ತಿ ಸಿಟ್ಟು ಬಂದದ್ದು. ತಾಮ್ರದ ಹಂಡೆ ಬಡಿಯುವವರನ್ನು ಕೇಳಿ. ಬಡಿದಷ್ಟೂ ತಾಮ್ರ ಗಡಸಾಗುತ್ತದೆ. ಮೆದುವಾಗಲಿ ಅಂತಲೇ ನಡುನಡುವೆ ಕಾಯಿಸುತ್ತಾರೆ. ನೀರಿಗೆ ಅದ್ದಿದರೂ ಅದು ಮೆದುವೇ.

ಅಲ್ಯೂಮಿನಿಯಂ ಇನ್ನೂ ತಮಾಷೆ. ಜರ್ಮನಿಯ ಆಲ್ಫ್ರೆಡ್ ವಿಲ್ಮ್ 1906ರಲ್ಲಿ ತಾಮ್ರ, ಮೆಗ್ನೀಸಿಯಂ ಬೆರೆಸಿದ ಅಲ್ಯೂಮಿನಿಯಂ ಕಾಯಿಸಿ ಅದ್ದಿದಾಗ ಅದು ಉಕ್ಕಿನ ಹಾಗೆ ಗಡಸಾಗಲಿಲ್ಲ. ಸುಮ್ನೆ ಬಿಟ್ಟಿದ್ದ ತುಂಡನ್ನು ಕೆಲವು ದಿನದ ಮೇಲೆ ಅಳೆದರೆ ಗಡಸುತನ ಏರಿತ್ತು! ಅದೇ ಡ್ಯೂರಾಲುಮಿನ್. ಯಾಕೆ ಹೀಗೆ ಅನ್ನೋದಕ್ಕೆ ನೇರ ಸಾಕ್ಷಿ ಸಿಗಲು 1938ರವರೆಗೆ ಕಾಯಬೇಕಾಯಿತು. ತಾಮ್ರದ ಪರಮಾಣುಗಳು ಒಳಗೆ ಸಣ್ಣ ಸಣ್ಣ ಗುಂಪು ಕಟ್ಟುವುದನ್ನು ಗಿನಿಯೇ ಮತ್ತು ಪ್ರೆಸ್ಟನ್ ಎಂಬ ವಿಜ್ಞಾನಿಗಳು ಬೇರೆ ಬೇರೆಯಾಗಿ ಎಕ್ಸ್-ರೇಯಲ್ಲಿ ಕಂಡರು. ಇದೇ ಬಗೆಯ ಅಲ್ಯೂಮಿನಿಯಂನಿಂದ ಮಾಡಿದ ವಿಮಾನದ ಕೆಲವು ರಿವೆಟ್ಟುಗಳನ್ನು (ತಗಡು ಜೋಡಿಸುವ ಮೊಳೆಗಳನ್ನು) ಇವತ್ತಿಗೂ ಫ್ರೀಜರ್‌ನಲ್ಲಿ ಇಡುತ್ತಾರೆ, ಬಡಿಯುವ ಮೊದಲೇ ಗಡಸಾಗಬಾರದು ಅಂತ. ಇಂಥದ್ದೆಲ್ಲ ನಿಮ್ಮ ವಸ್ತುವಿನೊಳಗೇ ಇತ್ತು, ಅಲ್ವಾ?

ಎರಡನೇ ಪುಟ ಪೂರ್ತಿ ತೆಗೆಯಿರಿ. ಒಂದೇ ಒಂದು ಲೋಹ ಹಿಡಿದು, ಡಿಗ್ರಿ, ಹೊತ್ತು ಸಮೇತ ಬರೆದು ಕಳಿಸಿ. ಉಳಿದ ಪುಟಗಳ ವಿಚಾರ ಆಮೇಲೆ ಮಾತಾಡೋಣ.